ಹೆನ್ರಿ ಮಾಡ್ಸ್‌ಲಿ: ಯಂತ್ರಗಳಿಗೆ ಅಳತೆ ಕಲಿಸಿದ ಮೇಷ್ಟ್ರು

ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಓದಿದವರೆಲ್ಲ ಒಮ್ಮೆಯಾದರೂ ಲೇತ್ ಮುಂದೆ ನಿಂತಿರುತ್ತಾರೆ, ಮೈಕ್ರೋಮೀಟರ್ ಹಿಡಿದಿರುತ್ತಾರೆ. ಈಗ ಆ ಲೇತ್ ಜಾಗಕ್ಕೆ ಸಿಎನ್‌ಸಿ ಯಂತ್ರ ಬಂದಿದೆ, ಅದರ ಪಕ್ಕದಲ್ಲಿ ರೋಬೋ ಕೈ ನಿಂತಿದೆ. ಎಲ್ಲವನ್ನೂ ಯಂತ್ರವೇ ಮಾಡಿದರೆ ನಮಗೇನು ಉಳಿಯಿತು ಎಂಬ ಅಳುಕು ಕೆಲಸ ಹುಡುಕುವವರನ್ನು ಕಾಡುತ್ತಿದೆ. ಈ ಅಳುಕು ಹೊಸದಲ್ಲ. ಇನ್ನೂರು ವರ್ಷಗಳ ಹಿಂದೆಯೇ ಇಂಗ್ಲೆಂಡಿನಲ್ಲಿ ಇದು ಹುಟ್ಟಿತ್ತು. ಅದಕ್ಕೆ ಕಾರಣರಾದವರಲ್ಲಿ ಒಬ್ಬ, ಕಾಲೇಜಿನ ಮೆಟ್ಟಿಲನ್ನೇ ಹತ್ತದ ಹೆನ್ರಿ ಮಾಡ್ಸ್‌ಲಿ.

ಮಾಡ್ಸ್‌ಲಿ ಹುಟ್ಟಿದ್ದು 1771ರ ಆಗಸ್ಟ್ 22ರಂದು, ಲಂಡನ್ ಸಮೀಪದ ವೂಲಿಚ್‌ನಲ್ಲಿ. ತಂದೆ ಅಲ್ಲಿನ ಸೇನಾ ಶಸ್ತ್ರಾಗಾರದಲ್ಲಿ ನೌಕರ. ಹನ್ನೆರಡನೇ ವಯಸ್ಸಿಗೆ ಹುಡುಗನೂ ಅಲ್ಲೇ ಸೇರಿದ, ತೋಟಾಗಳಿಗೆ ಮದ್ದು ತುಂಬುವ ಕೆಲಸಕ್ಕೆ. ಎರಡು ವರ್ಷದ ನಂತರ ಬಡಗಿ ಕೆಲಸಕ್ಕೆ ಹಾಕಿದರು. ಆದರೆ ಅವನ ಕಣ್ಣೆಲ್ಲ ಕುಲುಮೆಯ ಮೇಲೆ. ಕೊನೆಗೆ ಕಮ್ಮಾರ ಶಾಲೆಗೆ ಹೋದ. ಕೆಲವೇ ವರ್ಷಗಳಲ್ಲಿ ಅವನ ಕೈಚಳಕ ಊರಾಚೆಗೂ ಸುದ್ದಿಯಾಯಿತು.

ಆಗ ಲಂಡನ್ನಿನಲ್ಲಿ ಜೋಸೆಫ್ ಬ್ರಾಮಾ ಎಂಬಾತ ಸುಲಭಕ್ಕೆ ಬಗ್ಗದ ಬೀಗವೊಂದನ್ನು ಕಂಡುಹಿಡಿದಿದ್ದ. ಆದರೆ ಅದರ ಒಳಭಾಗಗಳು ಎಷ್ಟು ಸೂಕ್ಷ್ಮವಾಗಿದ್ದವೆಂದರೆ, ಕೈಯಿಂದ ಮಾಡಿ ಲಾಭಕ್ಕೆ ಮಾರುವುದು ಕಷ್ಟವಾಗಿತ್ತು. ಹದಿನೆಂಟರ ಮಾಡ್ಸ್‌ಲಿ ಆ ಭಾಗಗಳನ್ನು ತಯಾರಿಸುವ ಯಂತ್ರಗಳನ್ನೇ ರೂಪಿಸಿಕೊಟ್ಟ. ಅವನು ಮಾಡಿದ ಒಂದು ಬೀಗವನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ತೆರೆದವರಿಗೆ 200 ಗಿನಿ ಬಹುಮಾನ ಎಂದು ಸಾರಲಾಯಿತು. ಅದು ತೆರೆದದ್ದು 1851ರಲ್ಲಿ. ಅಮೆರಿಕದ ಬೀಗತಜ್ಞ ಆಲ್ಫ್ರೆಡ್ ಹಾಬ್ಸ್ ಅದಕ್ಕಾಗಿ 50 ಗಂಟೆಗೂ ಹೆಚ್ಚು ಹೆಣಗಬೇಕಾಯಿತು.

ಇಷ್ಟಾದರೂ ಮಾಡ್ಸ್‌ಲಿಯ ಸಂಬಳ ವಾರಕ್ಕೆ 30 ಶಿಲ್ಲಿಂಗ್. ಮದುವೆಯಾಗಿ ಸಂಸಾರ ಬೆಳೆದಿತ್ತು. ಹೆಚ್ಚು ಮಾಡಿ ಎಂದು ಕೇಳಿದ, ಬ್ರಾಮಾ ಒಪ್ಪಲಿಲ್ಲ. 1797ರಲ್ಲಿ ಕೆಲಸ ಬಿಟ್ಟು, ಲಂಡನ್ನಿನಲ್ಲೇ ಪುಟ್ಟ ವರ್ಕ್‌ಶಾಪ್ ತೆರೆದ.

ಅಲ್ಲಿ ರೂಪುಗೊಂಡದ್ದೇ ಸ್ಕ್ರೂ ಕೊರೆಯುವ ಲೇತ್. ಅದುವರೆಗೆ ಸಾಮಾನ್ಯವಾಗಿ ತಿರುಗುವ ಲೋಹಕ್ಕೆ ಕೆಲಸಗಾರ ತನ್ನ ಕೈಯಿಂದಲೇ ಉಳಿ ಒತ್ತಿ ಹಿಡಿಯುತ್ತಿದ್ದ. ಕೈ ನಡುಗಿದರೆ ಅಳತೆ ಕೆಟ್ಟಿತು. ಉಳಿಯನ್ನು ಯಂತ್ರವೇ ಹಿಡಿಯಬೇಕೆಂಬ ಯೋಚನೆ ಹಳೆಯದು, ಹಲವರು ಪ್ರಯತ್ನಿಸಿದ್ದರು. ಮಾಡ್ಸ್‌ಲಿ ಅದನ್ನು ಗಟ್ಟಿ ಲೋಹದಲ್ಲಿ, ಕಾರ್ಖಾನೆಯಲ್ಲಿ ದಿನವೂ ದುಡಿಯುವಂತೆ ಮಾಡಿದ. ಒಂದು ನಿಖರವಾದ ಲೀಡ್ ಸ್ಕ್ರೂ ತಿರುಗುತ್ತಾ ಉಳಿಯನ್ನು ಒಂದೇ ವೇಗದಲ್ಲಿ ಮುಂದಕ್ಕೆ ಒಯ್ಯುತ್ತಿತ್ತು. ಗಿಯರ್ ಬದಲಿಸಿದರೆ ಬೇರೆ ಅಂತರದ ಮರೆಗಳು ಬರುತ್ತಿದ್ದವು. ಹಿಂದೆ ಒಂದು ನಟ್ಟು ಅದರದೇ ಬೋಲ್ಟಿಗೆ ಮಾತ್ರ ಕೂರುತ್ತಿತ್ತು, ಜೋಡಿ ಕಲೆಸಿಹೋದರೆ ಹುಡುಕಾಟವೇ ಗತಿ. ಮಾಡ್ಸ್‌ಲಿಯ ವರ್ಕ್‌ಶಾಪ್‌ನಲ್ಲಿ ಒಂದು ಅಳತೆಯ ಯಾವ ನಟ್ಟಾದರೂ ಆ ಅಳತೆಯ ಯಾವ ಬೋಲ್ಟಿಗಾದರೂ ಕೂರುವಂತಾಯಿತು.

ಅಳತೆಯಲ್ಲಿ ಅವನದು ಹಟದ ಸ್ವಭಾವ. ಅಂಗುಲದ ಹತ್ತು ಸಾವಿರದಲ್ಲೊಂದು ಭಾಗ, ಅಂದರೆ ಸುಮಾರು 0.0025 ಮಿಲಿಮೀಟರ್ ತೋರಿಸುವ ಮೈಕ್ರೋಮೀಟರ್ ಮಾಡಿ ಮೇಜಿನ ಮೇಲಿಟ್ಟಿದ್ದ. ಅದಕ್ಕೆ ಲಾರ್ಡ್ ಚಾನ್ಸಲರ್ ಎಂದು ಹೆಸರು. ಅಳತೆಯ ತಕರಾರು ಬಂದರೆ ಅದೇ ಕೊನೆಯ ನ್ಯಾಯಾಲಯ. ಕೆಲಸಗಾರರ ಮೇಜುಗಳ ಮೇಲೆ ಸಮತಟ್ಟಾದ ಲೋಹದ ಫಲಕಗಳೂ ಇರುತ್ತಿದ್ದವು. ಅವುಗಳನ್ನು ತಯಾರಿಸುವ ಉಪಾಯ ಸರಳ. ಎರಡೇ ಫಲಕಗಳನ್ನು ಉಜ್ಜಿ ಹೊಂದಿಸಿದರೆ ಒಂದು ಉಬ್ಬಿ, ಇನ್ನೊಂದು ತಗ್ಗಿದ್ದರೂ ಕೂಡಿಕೊಳ್ಳುತ್ತವೆ. ಮೂರು ಫಲಕಗಳು ಒಂದಕ್ಕೊಂದು ಅದಲುಬದಲಾಗಿ ಕೂಡಿಕೊಳ್ಳಬೇಕಾದರೆ ಮೂರೂ ಸಮತಟ್ಟಾಗಿರಲೇಬೇಕು.

ಅವನ ಹೆಸರು ದೊಡ್ಡದಾದದ್ದು ಪೋರ್ಟ್ಸ್‌ಮತ್ ನೌಕಾನೆಲೆಯಲ್ಲಿ. ಹಾಯಿಹಡಗುಗಳಿಗೆ ಹಗ್ಗ ಎಳೆಯುವ ಮರದ ರಾಟೆಗಳು ವರ್ಷಕ್ಕೆ ಒಂದು ಲಕ್ಷದಷ್ಟು ಬೇಕಾಗುತ್ತಿದ್ದವು. ಮಾರ್ಕ್ ಬ್ರುನೆಲ್ ಯಂತ್ರಗಳ ವಿನ್ಯಾಸ ಕೊಟ್ಟ, ಮಾಡ್ಸ್‌ಲಿ ಕೆಲವೇ ವರ್ಷಗಳಲ್ಲಿ ನಲವತ್ತಕ್ಕೂ ಹೆಚ್ಚು ಯಂತ್ರಗಳನ್ನು ಕಟ್ಟಿಕೊಟ್ಟ. ಒಂದು ಯಂತ್ರ ಕೊಯ್ದರೆ, ಮತ್ತೊಂದು ತೂತು ಕೊರೆಯುತ್ತಿತ್ತು, ಇನ್ನೊಂದು ಆಕಾರ ಕೊಡುತ್ತಿತ್ತು. 1808ರ ಹೊತ್ತಿಗೆ ವರ್ಷಕ್ಕೆ 1,30,000 ರಾಟೆಗಳು ಹೊರಬರುತ್ತಿದ್ದವು. ನುರಿತ 110 ಮಂದಿಯ ಕೆಲಸವನ್ನು ಕಸುಬು ಕಲಿಯದ 10 ಮಂದಿ ಮಾಡತೊಡಗಿದರು.

ಈ ಲೆಕ್ಕವನ್ನು ಓದಿ ಸುಮ್ಮನೆ ಮುಂದೆ ಹೋಗುವುದು ಸರಿಯಲ್ಲ. ಉಳಿದ ನೂರು ಮಂದಿಯ ಕಸುಬಿಗೆ ಬೆಲೆ ಹೋಯಿತು. ಯಂತ್ರ ತಂದ ಲಾಭ ಅವರ ಮನೆಗೆ ಹೋಗಲಿಲ್ಲ. ಅದೇ ಹೊತ್ತಿನಲ್ಲಿ ಯಂತ್ರ ಕಟ್ಟುವ, ಅದರ ನಕ್ಷೆ ಬರೆಯುವ, ಅಳತೆ ನೋಡುವ ಹೊಸ ಕಸುಬೊಂದು ಹುಟ್ಟಿತು. ಅದನ್ನು ಕಲಿಯಲು ಯುವಕರು ಮಾಡ್ಸ್‌ಲಿಯ ಬಾಗಿಲಿಗೆ ಬಂದರು.

ಹಾಗೆ ಬಂದವರಲ್ಲಿ ಒಬ್ಬ ಜೇಮ್ಸ್ ನಾಸ್ಮಿತ್. 1829ರಲ್ಲಿ ಅವನಿಗಿನ್ನೂ ಇಪ್ಪತ್ತು. ತಾನೇ ಮಾಡಿದ ಪುಟ್ಟ ಉಗಿಯಂತ್ರವನ್ನೂ ನಕ್ಷೆಗಳನ್ನೂ ಎಡಿನ್‌ಬರೋದಿಂದ ಹೊತ್ತು ತಂದಿದ್ದ. ಶಿಷ್ಯರನ್ನು ತೆಗೆದುಕೊಳ್ಳುವುದಿಲ್ಲವೆಂದು ತೀರ್ಮಾನಿಸಿದ್ದ ಮಾಡ್ಸ್‌ಲಿ ಆ ಯಂತ್ರವನ್ನು ನೋಡಿ ಅವನನ್ನು ಸಹಾಯಕನನ್ನಾಗಿ ಇಟ್ಟುಕೊಂಡ. ಸಂಬಳ ವಾರಕ್ಕೆ 10 ಶಿಲ್ಲಿಂಗ್. ಮುಂದೆ ಅವನು ಉಗಿ ಸುತ್ತಿಗೆಯಿಂದ ಹೆಸರಾದ. ಅದೇ ವರ್ಕ್‌ಶಾಪ್‌ನಲ್ಲಿ ದುಡಿದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸ್ಕ್ರೂ ಮರೆಗಳಿಗೆ ಒಂದೇ ಮಾನದಂಡ ಸೂಚಿಸಿದ. ಜೋಸೆಫ್ ಕ್ಲೆಮೆಂಟ್, ಚಾರ್ಲ್ಸ್ ಬ್ಯಾಬೇಜ್‌ನ ಲೆಕ್ಕದ ಯಂತ್ರದ ಭಾಗಗಳನ್ನು ಮಾಡಿದ. ರಿಚರ್ಡ್ ರಾಬರ್ಟ್ಸ್, ತಾನಾಗಿಯೇ ನಡೆಯುವ ನೂಲುವ ಯಂತ್ರ ಕಟ್ಟಿದ. ಅದನ್ನು ಮಾಡಿಕೊಡೆಂದು ಕೇಳಿದವರು, ನೂಲುವವರ ಮುಷ್ಕರದಿಂದ ಬೇಸತ್ತ ಗಿರಣಿ ಮಾಲೀಕರು.

1831ರ ಆರಂಭದಲ್ಲಿ ಫ್ರಾನ್ಸಿನಿಂದ ಹಿಂದಿರುಗುವಾಗ ಹಿಡಿದ ಶೀತ ಮಾಡ್ಸ್‌ಲಿಯನ್ನು ಬಿಡಲಿಲ್ಲ. ಫೆಬ್ರುವರಿ 14ರಂದು ತೀರಿಕೊಂಡ. ಹುಟ್ಟೂರಿನ ಚರ್ಚ್ ಆವರಣದಲ್ಲಿ ಅವನನ್ನು ಸಮಾಧಿ ಮಾಡಿದರು. ಎರಕದ ಕಬ್ಬಿಣದ ಆ ಸಮಾಧಿಯ ವಿನ್ಯಾಸವೂ ಅವನದೇ ಆಗಿತ್ತು.

ಇಂದಿನ ಸಿಎನ್‌ಸಿ ಯಂತ್ರದಲ್ಲಿ ಉಳಿಯನ್ನು ಸರಿಸುವ ಬಾಲ್ ಸ್ಕ್ರೂ, ಅವನ ಲೀಡ್ ಸ್ಕ್ರೂವಿನ ವಂಶದ್ದೇ. ಮೂರು ದಿಕ್ಕಿನಲ್ಲಿ ಅಳೆಯುವ ಆಧುನಿಕ ಯಂತ್ರಗಳೂ ಸಮತಟ್ಟಾದ ಗ್ರಾನೈಟ್ ಹಾಸಿನ ಮೇಲೆಯೇ ನಿಂತಿವೆ. ರೋಬೋ ಸಾವಿರ ಸಲ ಒಂದೇ ಕೆಲಸ ಮಾಡಬಲ್ಲದು. ಆದರೆ ಮೊದಲ ಸಲವೇ ತಪ್ಪಿದ್ದರೆ ಸಾವಿರ ಸಲವೂ ಅದೇ ತಪ್ಪು. ಅದನ್ನು ಹಿಡಿಯಲು ಸರಿ ಯಾವುದೆಂದು ಅಳೆದು ಹೇಳಬಲ್ಲವರು ಬೇಕು. ಪೋರ್ಟ್ಸ್‌ಮತ್‌ನ ಆ ನೂರು ಮಂದಿಗೆ ಇದನ್ನು ಕಲಿಸುವವರು ಯಾರೂ ಇರಲಿಲ್ಲ. ನಮ್ಮ ಊರಿನ ಐಟಿಐಯಲ್ಲಿ ಮೈಕ್ರೋಮೀಟರ್ ಇದೆ. ಪ್ರಾಕ್ಟಿಕಲ್ ಪರೀಕ್ಷೆ ಮುಗಿದ ಮೇಲೂ ಅದನ್ನು ಇನ್ನೊಂದು ಸಲ ಕೈಗೆತ್ತಿಕೊಳ್ಳುವುದು ನಮಗೆ ಬಿಟ್ಟದ್ದು.