ತಾಯಂದಿರನ್ನು ಉಳಿಸಿದ ವೈದ್ಯ ಸೆಮ್ಮೆಲ್‌ವೈಸ್

ಹೆರಿಗೆಗೆಂದು ಆಸ್ಪತ್ರೆಗೆ ಬಂದ ಬಡ ಹೆಂಗಸರು, ಆ ಒಂದು ವಿಭಾಗಕ್ಕೆ ಮಾತ್ರ ಸೇರಿಸಬೇಡಿರೆಂದು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದ ಕಾಲವೊಂದಿತ್ತು. ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದರು. 1846ರಲ್ಲಿ ಮೊದಲ ವಿಭಾಗದಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ತಾಯಂದಿರು ತೀರಿಕೊಂಡರು. ಎರಡನೆಯದರಲ್ಲಿ ಮೂವರೂ ಇಲ್ಲ. ದಾರಿಯಲ್ಲೇ ಹೆತ್ತು ಬಂದವರಿಗೂ ಬಾಣಂತಿ ಜ್ವರ ಅಷ್ಟಾಗಿ ತಗುಲುತ್ತಿರಲಿಲ್ಲ.

ಅದೇ ವರ್ಷ ಮೊದಲ ವಿಭಾಗಕ್ಕೆ ಸಹಾಯಕ ವೈದ್ಯರಾಗಿ ಬಂದವರು ಇಗ್ನಾಜ್ ಸೆಮ್ಮೆಲ್‌ವೈಸ್. 1818ರಲ್ಲಿ ಹಂಗೇರಿಯ ಬುಡಾದಲ್ಲಿ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದವರು. ಹವೆ ಕೆಟ್ಟಿದೆ, ಜನ ಕಿಕ್ಕಿರಿದಿದ್ದಾರೆ ಎಂದು ಹಿರಿಯರು ಹೇಳಿದ ಕಾರಣಗಳು ಅವರಿಗೆ ಸಮಾಧಾನ ತರಲಿಲ್ಲ. ಎರಡೂ ವಿಭಾಗಗಳಿಗೆ ಹವೆ ಒಂದೇ ತಾನೆ?

ನಮಗೆ ಸಂಬಂಧಿಸಿದ ಒಂದು ಸಂಗತಿ ಇಲ್ಲಿದೆ. ಸಾಯುವವರಿಗೆ ಕೊನೆಯ ಸಂಸ್ಕಾರ ನೀಡಲು ಗುರುಗಳು ಹೋಗುವಾಗ ಮುಂದೆ ಒಬ್ಬಾತ ಗಂಟೆ ಬಾರಿಸುತ್ತಾ ನಡೆಯುವ ಪದ್ಧತಿಯಿತ್ತು. ಮೊದಲ ವಿಭಾಗದಲ್ಲಿ ಅವರು ಐದು ಕೋಣೆಗಳನ್ನು ಹಾದು ರೋಗಿಗಳನ್ನು ಮುಟ್ಟಬೇಕಿತ್ತು. ಆ ಗಂಟೆಯ ಭಯದಿಂದಲೇ ಬಾಣಂತಿಯರು ಜ್ವರ ಹಿಡಿದು ಸಾಯುತ್ತಾರೆಂದು ಕೆಲವರ ಊಹೆ. ಗಂಟೆಯಿಲ್ಲದೆ, ಸುತ್ತುದಾರಿಯಿಂದ ಬರುವಂತೆ ಸೆಮ್ಮೆಲ್‌ವೈಸ್ ಕೇಳಿಕೊಂಡರು. ಗುರುಗಳು ಒಪ್ಪಿದರು. (ವೈದ್ಯರು ಅಷ್ಟು ಸುಲಭವಾಗಿ ಒಪ್ಪಲಿಲ್ಲವೆಂಬುದನ್ನು ಮುಂದೆ ನೋಡುವಿರಿ.) ಸಾವು ಕಡಿಮೆಯಾಗಲಿಲ್ಲ. ಹೆರುವಾಗ ಮಲಗುವ ಭಂಗಿಯನ್ನೂ ಬದಲಿಸಿ ನೋಡಿದರು; ಅದರಿಂದಲೂ ಫಲವಿಲ್ಲ. ನಿಮ್ಮ ಮನೆಯ ಮಗಳೋ ಸೊಸೆಯೋ ದಾದಿಯಾಗಿದ್ದರೆ ಕೇಳಿ ನೋಡಿ: ಪುರಾವೆ ಆಧರಿಸಿದ ಶುಶ್ರೂಷೆ ಎಂದು ಅವರಿಗೆ ಕಲಿಸುವುದರ ತಿರುಳು ಇದೇ. ಊಹೆಯನ್ನು ನಂಬುವ ಮುಂಚೆ ಪರೀಕ್ಷಿಸುವುದು, ಫಲವನ್ನು ಎಣಿಸುವುದು.

1847ರ ಮಾರ್ಚ್‌ನಲ್ಲಿ ಅವರ ಸ್ನೇಹಿತ ಡಾ. ಕೊಲೆಟ್ಷ್ಕಾ ತೀರಿಕೊಂಡರು. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಗುಲಿತ್ತು. ಅವರ ದೇಹದಲ್ಲಿ ಕಂಡುಬಂದ ಲಕ್ಷಣಗಳು ಬಾಣಂತಿ ಜ್ವರದಿಂದ ಸತ್ತ ತಾಯಂದಿರಲ್ಲಿ ಕಂಡಂಥವೇ! ಸೆಮ್ಮೆಲ್‌ವೈಸರಿಗೆ ಥಟ್ಟನೆ ಹೊಳೆಯಿತು: ವೈದ್ಯರೂ ವಿದ್ಯಾರ್ಥಿಗಳೂ ಶವಗಳನ್ನು ಕೊಯ್ದ ಕೈಗಳಲ್ಲೇ ಹೆರಿಗೆ ಕೋಣೆಗೆ ಬರುತ್ತಾರೆ, ಸೂಲಗಿತ್ತಿಯರಿಗೆ ಶವಪರೀಕ್ಷೆಯ ಕೆಲಸವಿಲ್ಲ. ಸಾಬೂನಿನಿಂದ ತೊಳೆದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ಮೇ ತಿಂಗಳ ನಡುವಿನಿಂದ, ನಾವು ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನಂಥ ಕ್ಲೋರಿನ್ ದ್ರಾವಣದಲ್ಲಿ ಎಲ್ಲರೂ ಕೈ ತೊಳೆಯಬೇಕೆಂದು ನಿಯಮ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ 2ರ ಸುಮಾರಿಗೆ ಇಳಿಯಿತು. ಜುಲೈನಲ್ಲಿ ಇನ್ನೂ ಕಡಿಮೆ.

ತನ್ನ ಕೈಗಳಿಂದಲೂ ಎಷ್ಟೋ ತಾಯಂದಿರು ಸತ್ತರೆಂದು ಅವರು ಮುಚ್ಚಿಡದೆ ಒಪ್ಪಿಕೊಂಡರು. ಹೆಸರಾಂತ ವೈದ್ಯರಲ್ಲಿ ಹಲವರಿಗೆ ಆ ಮಾತೇ ನುಂಗಲಾರದ ತುತ್ತಾಯಿತು. ರೋಗಾಣುಗಳ ವಿಷಯ ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ, ನಿಜ. ಆದರೆ ಅಂಕಿಗಳು ಕಣ್ಣ ಮುಂದೆಯೇ ಇದ್ದವಲ್ಲ? 1849ರಲ್ಲಿ ಅವರ ಹುದ್ದೆಯನ್ನು ಮುಂದುವರಿಸಲಿಲ್ಲ.

ತಾಯ್ನಾಡಿಗೆ ಮರಳಿ, ಪೆಸ್ಟ್ ನಗರದ ಸಂತ ರೋಕರ ಹೆಸರಿನ ಆಸ್ಪತ್ರೆಯಲ್ಲಿ ಆರು ವರ್ಷ ದುಡಿದರು. ಅಲ್ಲಿ 933 ಹೆರಿಗೆಗಳಲ್ಲಿ ಬಾಣಂತಿ ಜ್ವರಕ್ಕೆ ಬಲಿಯಾದವರು 8 ಮಂದಿ ಮಾತ್ರ. ಆದರೂ ತಮ್ಮ ಪುಸ್ತಕವನ್ನು ಹೊರತರಲು 1861ರವರೆಗೆ ತಡಮಾಡಿದರು; ಆಮೇಲೆ ಒಪ್ಪದವರಿಗೆ ಕೊಲೆಗಾರರೆಂದು ಪತ್ರ ಬರೆದರು. ಸತ್ಯ ಕೈಯಲ್ಲಿದ್ದರೂ ಅದನ್ನು ಇನ್ನೊಬ್ಬರಿಗೆ ದಾಟಿಸುವ ತಾಳ್ಮೆ ಅವರಲ್ಲಿರಲಿಲ್ಲ.

1865ರಲ್ಲಿ ಬುದ್ಧಿ ಕದಡಿದ ಅವರನ್ನು ವಿಯೆನ್ನಾದ ಹುಚ್ಚಾಸ್ಪತ್ರೆಗೆ ಸೇರಿಸಿದರು. ಅಲ್ಲಿ ಕಾವಲುಗಾರರಿಂದ ಪೆಟ್ಟು ತಿಂದರೆಂದು ತಿಳಿದುಬಂದಿದೆ. ಗಾಯ ಕೀವಾಗಿ, ನಂಜು ರಕ್ತಕ್ಕೇರಿ, ಆಗಸ್ಟ್ 13ರಂದು 47ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಶವಪರೀಕ್ಷೆ ನಡೆದದ್ದು ವಿಯೆನ್ನಾದ ಅದೇ ದೊಡ್ಡಾಸ್ಪತ್ರೆಯಲ್ಲಿ.