ಮೂರನೆಯ ಭಾಷೆಯಲ್ಲಿ ಬರೆದ ನಾವಿಕ

ನನಗೆ ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಮೂರನೆಯ ಭಾಷೆ. ಪಿಯುಸಿಗೆ ಸೇರಿದ ಹೊಸತರಲ್ಲಿ ಒಂದು ಕಥೆ ಓದುವಾಗ ‘ಕುಡ್ ನಾಟ್ ಹೆಲ್ಪ್ ಲಾಫಿಂಗ್’ ಎಂಬ ಮಾತು ಬಂತು. ಅವಳಿಗೆ ಸಹಾಯ ಮಾಡಲಾಗಲಿಲ್ಲ, ಸುಮ್ಮನೆ ನಗುತ್ತಿದ್ದಳು ಎಂದು ಅರ್ಥ ಹೇಳಿದೆ. ತರಗತಿಯೆಲ್ಲ ನಕ್ಕಿತು. ಅವಳಿಗೆ ನಗು ತಡೆಯಲಾಗಲಿಲ್ಲ ಎಂಬುದೇ ಅದರ ಅರ್ಥ. ಅಂದಿನಿಂದ ನಾನು ಕೈ ಎತ್ತುವುದನ್ನೇ ಬಿಟ್ಟೆ. ಜೋಸೆಫ್ ಕಾನ್ರಾಡ್ ಅವರ ಜೀವನ ಓದಿದ ಮೇಲೆ ಆ ಸಂಕೋಚ ಕರಗಿತು.

ಅವರು 1857ರಲ್ಲಿ ಈಗಿನ ಉಕ್ರೇನಿನ ಬೆರ್ಡಿಚಿವ್‌ನಲ್ಲಿ ಪೋಲಿಷ್ ಕುಟುಂಬದಲ್ಲಿ ಹುಟ್ಟಿದರು. ಆಗ ಅಲ್ಲಿ ರಷ್ಯಾದ ಆಳ್ವಿಕೆ. ಅದನ್ನು ವಿರೋಧಿಸಿದ ತಂದೆಯ ಜೊತೆ ಇಡೀ ಕುಟುಂಬ ಗಡೀಪಾರಾಯಿತು. ಹನ್ನೊಂದನೆಯ ವಯಸ್ಸಿಗೇ ಕಾನ್ರಾಡ್ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡಿದ್ದರು. ತಂದೆ ಷೇಕ್ಸ್‌ಪಿಯರನ ನಾಟಕವನ್ನು ಪೋಲಿಷ್‌ಗೆ ಅನುವಾದಿಸಿದ್ದರು. ಹುಡುಗನಿಗೆ ಷೇಕ್ಸ್‌ಪಿಯರ್ ಪರಿಚಯವಾದದ್ದು ಹಾಗೆ.

1874ರಲ್ಲಿ ನಾವಿಕನಾಗಲು ಫ್ರಾನ್ಸಿನ ಮಾರ್ಸೇ ಬಂದರಿಗೆ ಹೋದರು. 1878ರಲ್ಲಿ ಇಂಗ್ಲೆಂಡಿನಲ್ಲಿ ಇಳಿದಾಗ ಅವರಿಗೆ ಇಪ್ಪತ್ತು ವರ್ಷ. ಪೋಲಿಷ್, ಫ್ರೆಂಚ್ ಬರುತ್ತಿದ್ದವು, ಇಂಗ್ಲಿಷ್ ಬರುತ್ತಿರಲಿಲ್ಲ. ಹಡಗಿನವರ ಮಾತು ಕೇಳಿ, ದಿನಪತ್ರಿಕೆ ಓದಿ ಕಲಿಯತೊಡಗಿದರು. ಮುಂದೆ ಫಾಲ್ಮತ್ ಬಂದರಿನಲ್ಲಿ ಹಡಗು ದುರಸ್ತಿಗೆ ನಿಂತಿದ್ದಾಗ, ಸುತ್ತಿಗೆಗಳ ಸದ್ದಿನ ನಡುವೆಯೇ ಐದು ಶಿಲ್ಲಿಂಗಿನ ಷೇಕ್ಸ್‌ಪಿಯರ್ ಸಂಪುಟವನ್ನು ಬಿಡುವಾದಾಗಲೆಲ್ಲ ಓದಿದರು.

ಹಡಗಿನ ಅಧಿಕಾರಿಯಾಗಲು ಇಂಗ್ಲಿಷಿನಲ್ಲೇ ಪರೀಕ್ಷೆ ಬರೆಯಬೇಕಿತ್ತು. ಎರಡನೆಯ ಹಂತದಲ್ಲಿ ಒಮ್ಮೆ ಫೇಲಾದರು. ಕ್ಯಾಪ್ಟನ್ ಪರೀಕ್ಷೆಯಲ್ಲೂ ಒಮ್ಮೆ ಫೇಲಾದರು. ಮತ್ತೆ ಕುಳಿತು ಎರಡರಲ್ಲೂ ಪಾಸಾದರು. 1886ರಲ್ಲಿ ಕ್ಯಾಪ್ಟನ್ ಅರ್ಹತಾಪತ್ರ ಕೈಸೇರಿತು.

1895ರಲ್ಲಿ ಅವರ ಮೊದಲ ಕಾದಂಬರಿ ‘ಆಲ್ಮೇಯರ್ಸ್ ಫಾಲಿ’ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಆಮೇಲೆ ‘ಲಾರ್ಡ್ ಜಿಮ್’, ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಬಂದವು. ಇಂದು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಅವನ್ನು ಪಠ್ಯವಾಗಿ ಓದುತ್ತಾರೆ. ಆದರೂ 1924ರಲ್ಲಿ ತೀರಿಕೊಳ್ಳುವವರೆಗೂ ಅವರ ಇಂಗ್ಲಿಷ್ ಉಚ್ಚಾರದಲ್ಲಿ ಪರದೇಶದ ಛಾಯೆ ಹೋಗಲಿಲ್ಲ. ಅದಕ್ಕಾಗಿ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ.

ಈಗ ನನ್ನ ಬಳಿ ಒಂದು ಸಣ್ಣ ನೋಟ್‌ಬುಕ್ ಇದೆ. ಅರ್ಥವಾಗದ ಮಾತು ಸಿಕ್ಕರೆ ಒಂದೊಂದೇ ಪದ ಬಿಡಿಸುವುದಿಲ್ಲ. ಇಡೀ ವಾಕ್ಯ ಬರೆದುಕೊಂಡು, ಹಿಂದಿನ ಮುಂದಿನ ಸಾಲು ಓದಿ, ಅರ್ಥ ಊಹಿಸಿ, ಆಮೇಲೆ ನಿಘಂಟು ತೆರೆಯುತ್ತೇನೆ. ಊಹೆ ಎಷ್ಟೋ ಸಲ ತಪ್ಪುತ್ತದೆ. ಆದರೆ ತಿದ್ದಿಕೊಂಡದ್ದು ಮರೆಯುವುದಿಲ್ಲ. ಮೊನ್ನೆ ತರಗತಿಯಲ್ಲಿ ಮತ್ತೆ ಕೈ ಎತ್ತಿದೆ. ಗೆಳೆಯರೇ, ನೀವೂ ಎತ್ತಿ.