ಎಚ್ಚೆನ್ ಮೇಷ್ಟ್ರ 85 ಕಿಲೋಮೀಟರ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹೈಸ್ಕೂಲುಗಳಿಗೆ ಹೋದಾಗಲೆಲ್ಲ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ‘ಚಲನೆ’ ಪಾಠದ ಬಗ್ಗೆ ಕೇಳ್ತೀನಿ. ಸೂತ್ರಗಳು ಪಟಪಟ ಬರ್ತವೆ. ದೂರಕ್ಕೂ ಸ್ಥಾನಪಲ್ಲಟಕ್ಕೂ ಏನು ವ್ಯತ್ಯಾಸ ಅಂದ್ರೆ ಕ್ಲಾಸು ತಣ್ಣಗಾಗುತ್ತೆ. ಅವರನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ಅದೇ ಸೂತ್ರಗಳನ್ನು ಉರು ಹೊಡೆದೇ ನಾನು ಇಂಜಿನಿಯರಿಂಗ್ ಮುಗಿಸಿದ್ದು. ಹಾಗಾಗಿ ಈಗೀಗ ಪಾಠ ಬಿಟ್ಟು ಒಬ್ಬ ಫಿಸಿಕ್ಸ್ ಮೇಷ್ಟ್ರ ಕತೆ ಹೇಳ್ತೀನಿ.

ಎಚ್. ನರಸಿಂಹಯ್ಯ ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ. 1935ರಲ್ಲಿ ನ್ಯಾಷನಲ್ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಹೋದರು. ಸುಮಾರು 85 ಕಿಲೋಮೀಟರ್, ಎರಡು ದಿನ.

ಸರಾಸರಿ ಜವ ಎಷ್ಟು? ಪೂರಾ 48 ಗಂಟೆ ಹಿಡಿದರೆ ಗಂಟೆಗೆ ಎರಡು ಕಿಲೋಮೀಟರ್ ಕೂಡ ಆಗಲ್ಲ. ದಿನಕ್ಕೆ ಹತ್ತು ಗಂಟೆ ನಡೆದರು ಅಂತ ಇಟ್ಟುಕೊಂಡು ಆ ಹೊತ್ತನ್ನಷ್ಟೇ ಎಣಿಸಿದರೆ ನಾಲ್ಕು ದಾಟುತ್ತೆ. ಮಲಗಿದ ಹೊತ್ತನ್ನು ಸೇರಿಸಬೇಕಾ ಬೇಡವಾ ಅಂತ ಜಗಳೂರಿನಲ್ಲಿ ಜಗಳವೇ ಆಯ್ತು. ನನಗೆ ಬೇಕಿದ್ದದ್ದೂ ಅದೇ. ಹುಡುಗ ಅದೇ ದಾರಿಯಲ್ಲಿ ವಾಪಸ್ ಊರಿಗೆ ನಡೆದಿದ್ದರೆ? ದೂರ 170 ಕಿಲೋಮೀಟರ್, ಸ್ಥಾನಪಲ್ಲಟ ಸೊನ್ನೆ. ಇಷ್ಟು ಹೇಳಿದ ಮೇಲೆ ಯಾರೂ ಆ ಎರಡನ್ನು ಬೆರೆಸಲ್ಲ.

ಮುಂದಿನದನ್ನು ಬೇಗ ಹೇಳ್ತೀನಿ. 1942ರ ಚಳವಳಿಯಲ್ಲಿ ಜೈಲು, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕ, 1960ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಬೀಜ ಭೌತವಿಜ್ಞಾನದಲ್ಲಿ ಡಾಕ್ಟರೇಟ್. ವಾಪಸ್ ಬಂದು ಮತ್ತದೇ ಖಾದಿ, ಅದೇ ಟೋಪಿ, ಅದೇ ಹಾಸ್ಟೆಲ್ ರೂಮು. ಮದುವೆ ಆಗಲಿಲ್ಲ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಪುಟ್ಟಪರ್ತಿಯ ಸಾಯಿಬಾಬಾ ಗಾಳಿಯಿಂದ ಉಂಗುರ, ವಿಭೂತಿ ತೆಗೀತಾರೆ ಅಂತ ಜನ ನಂಬಿದ್ದ ಕಾಲ. ಮೇಷ್ಟ್ರು ಕೇಳಿದ್ದು ಕುಂಬಳಕಾಯಿ. ತಮಾಷೆಯಂತೆ ಕಾಣುತ್ತೆ, ಆದರೆ ಅದರೊಳಗಿರೋದು ಚಲನೆಯ ಪಾಠವೇ. ನಿಂತ ವಸ್ತು ತಾನಾಗಿ ಹೊರಡಲ್ಲ, ಬಲ ಬೇಕು. ಅದಕ್ಕೇ ಜಡತ್ವ ಅನ್ನೋದು. ಅಲ್ಲಿಂದ ಇಲ್ಲಿಗೆ ಬರಬೇಕಾದರೆ ನಡುವಿನ ದಾರಿ ಹಾದೇ ಬರಬೇಕು. ಉಂಗುರ ತೋಳಿನೊಳಗಿಂದ ಜಾರಿ ಬರಬಹುದು. ಕುಂಬಳಕಾಯಿಗೆ ಆ ದಾರಿ ಸಾಲದು.

ಅವರು ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ವಿಶ್ವವಿದ್ಯಾಲಯಕ್ಕೆ ಯಾಕೆ ಈ ಉಸಾಬರಿ ಎಂದವರೂ ಇದ್ದರು. ನನ್ನ ಪ್ರಕಾರ ಅದೇ ವಿಶ್ವವಿದ್ಯಾಲಯದ ಕೆಲಸ. ಇವತ್ತು ಯಾವ ಕುಲಪತಿ ಅಂಥ ಪತ್ರಕ್ಕೆ ಸಹಿ ಹಾಕ್ತಾರೆ, ನೀವೇ ಹೇಳಿ. ಹೊಸ ಕಟ್ಟಡಕ್ಕೆ ಮುಹೂರ್ತ ಕೇಳೋಕೆ ಬೇಕಾದರೆ ಹಾಕಿಯಾರು.

ಮೇಷ್ಟ್ರು ತೀರಿಕೊಂಡಿದ್ದು 2005ರ ಜನವರಿ 31ರಂದು. ಈಗಿನ ಒಂಬತ್ತನೇ ಕ್ಲಾಸಿನ ಮಕ್ಕಳು ಆಗ ಹುಟ್ಟೇ ಇರಲಿಲ್ಲ. ಹೊನ್ನಾಳಿಯಲ್ಲಿ ಕತೆ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, ಕುಂಬಳಕಾಯಿ ನಿಜವಾಗ್ಲೂ ಬಂದಿದ್ರೆ ಮೇಷ್ಟ್ರು ಏನು ಮಾಡ್ತಿದ್ರು ಸಾರ್ ಅಂತ ಕೇಳಿದ. ಮೊದಲು ತೂಕ ಮಾಡಿ, ಆಮೇಲೆ ಇನ್ನೊಂದು ಕೇಳ್ತಿದ್ರು ಅಂದೆ.